ಇಪ್ಪತ್ತೈದನೆಯವಳು

ಒಂಬತ್ತು ವರ್ಷಗಳಲ್ಲಿ ಬೆನಕಪ್ಪ ನಲವತ್ತಕ್ಕೂ ಹೆಚ್ಚು ಮುದುಕ ಮುದುಕಿಯರ ಮೈ ತೊಳೆದಿದ್ದ, ಹದಿನೇಳು ಮಂದಿಯನ್ನು ಮಣ್ಣು ಮಾಡಿದ್ದ, ಮತ್ತು ಒಂದೇ ಒಂದು ಸಲ ಹಾರ ಹಾಕಿಸಿಕೊಂಡಿದ್ದ. ಆ ಹಾರವೂ ಅಧ್ಯಕ್ಷರಿಗೆಂದು ತಂದದ್ದು. ಅವರು ಬರಲಿಲ್ಲ, ಹೂವು ಸುಮ್ಮನೆ ಬಾಡುತ್ತದೆ ಎಂದು ಯಾರೋ ಇವನ ಕೊರಳಿಗೆ ಹಾಕಿದ್ದರು.

ಅಧ್ಯಕ್ಷರೆಂದರೆ ಚನ್ನಗಿರಿಯ ಅಡಿಕೆ ವರ್ತಕ ಮಹೇಶ್ವರಪ್ಪ. ನ್ಯಾಮತಿಯಿಂದ ಸವಳಂಗಕ್ಕೆ ಹೋಗುವ ರಸ್ತೆಯಲ್ಲಿ ಅವರದೊಂದು ಶೇಂಗಾ ಎಣ್ಣೆ ಗಿರಣಿ ಮುಚ್ಚಿ ಬಿದ್ದಿತ್ತು. ಅದಕ್ಕೆ ಸುಣ್ಣ ಬಳಿಸಿ, ಮೂವತ್ತು ಕಬ್ಬಿಣದ ಮಂಚ ಹಾಕಿಸಿ, ತಾಯಿಯ ಹೆಸರಿನಲ್ಲಿ ವೃದ್ಧಾಶ್ರಮ ತೆರೆದಿದ್ದರು. ವರ್ಷಕ್ಕೆ ಎರಡು ಸಲ ಬಂದು ಬಾಳೆಹಣ್ಣು ಹಂಚಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಉಳಿದ ದಿನಗಳೆಲ್ಲ ಬೆನಕಪ್ಪನವು. ಅವನ ಸಂಬಳ ತಿಂಗಳಿಗೆ ನೂರ ಎಂಬತ್ತು ರೂಪಾಯಿ. ಅಡುಗೆ ಅವನ ಹೆಂಡತಿ ಸಾವಂತ್ರಮ್ಮನದು. ಅವಳ ಸಂಬಳ ಅವಳು ಉಣ್ಣುವ ಅನ್ನ.

ಮುದುಕರಿಗಾದರೂ ಕೃತಜ್ಞತೆ ಬೇಡವೇ? ಅದೂ ಇಲ್ಲ. ಸಾರು ತೆಳ್ಳಗೆ, ಕಂಬಳಿ ಚುಚ್ಚುತ್ತದೆ, ಪಕ್ಕದ ಮಂಚದವನು ಗೊರಕೆ ಹೊಡೆಯುತ್ತಾನೆ. ಎಲ್ಲರಿಗಿಂತ ಮೊದಲು ಬಂದು ಸೇರಿದ್ದ ಗೋವಿನಕೋವಿಯ ಬಂಗಾರಮ್ಮನಂತೂ ಈ ಒಂಬತ್ತು ವರ್ಷದಲ್ಲಿ ಒಂದು ದಿನ ಅವನನ್ನು ಹೆಸರು ಹಿಡಿದು ಕರೆದವಳಲ್ಲ. ‘ಏನ್ರೀ ಇವ್ರೆ’ ಅನ್ನುವಳು, ಇಲ್ಲವೇ ‘ಮನೇಜರಪ್ಪ’ ಅನ್ನುವಳು. ಉಳಿದವರೆಲ್ಲ ‘ಬೆನಕಪ್ಪ’ ಎಂದು ಬಾಯಿ ತುಂಬ ಕರೆಯುವಾಗ ಇವಳದೊಂದು ಬೇರೆ. ತನ್ನನ್ನು ಆಳು ಎಂದುಕೊಂಡಿದ್ದಾಳೆ ಈ ಮುದುಕಿ ಎಂದು ಬೆನಕಪ್ಪನಿಗೆ ಒಳಗೊಳಗೇ ಉರಿಯುತ್ತಿತ್ತು. ಅದನ್ನೂ ಅವನು ತನಗಾದ ಅವಮಾನಗಳ ಜತೆ ಸೇರಿಸಿಟ್ಟಿದ್ದ.

ಅವನಿಗೆ ನಲವತ್ತೆಂಟು ತುಂಬಿತ್ತು, ಮಕ್ಕಳಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಒದ್ದೆಯಾದ ದುಪ್ಪಟಿ ಎತ್ತುವಾಗ, ನಾಳೆ ನನ್ನದನ್ನು ಎತ್ತುವವರು ಯಾರು ಎಂಬ ಒಂದು ಮಾತು ಅವನ ಎದೆಯಲ್ಲಿ ಬಂದು ಕೂರುತ್ತಿತ್ತು. ಹೆದರಿಕೆ ಅಂದರೆ ಅವನಿಗೆ ಅದೊಂದೇ. ಇದೇ ಗಿರಣಿಯಲ್ಲಿ, ಇದೇ ಕಬ್ಬಿಣದ ಮಂಚದ ಮೇಲೆ, ಗೊತ್ತಿಲ್ಲದವನೊಬ್ಬನ ಕೈಯಲ್ಲಿ ಬೈಸಿಕೊಳ್ಳುತ್ತ ಮಲಗುವುದು.

ಹಾಗಿರುವಾಗ ಎಂಬತ್ತಮೂರನೇ ಇಸವಿಯ ಕೊನೆಗೆ ಸರ್ಕಾರದ ಕಾಗದ ಬಂತು. ಖಾಸಗಿ ವೃದ್ಧಾಶ್ರಮಗಳಿಗೆ ಇನ್ನು ಮುಂದೆ ಅನುದಾನ. ಊಟಕ್ಕೆ, ಬಟ್ಟೆಗೆ, ಔಷಧಿಗೆ ತಲೆಗಿಷ್ಟು. ಕೆಳಗಡೆ, ಬೆನಕಪ್ಪ ನಾಲ್ಕು ಸಲ ಓದಿದ ಸಾಲು: ವ್ಯವಸ್ಥಾಪಕರ ಹುದ್ದೆಗೆ ಸರ್ಕಾರಿ ವೇತನ ಶ್ರೇಣಿ, ನಿವೃತ್ತಿಯ ನಂತರ ಪಿಂಚಣಿ. ಷರತ್ತು ಒಂದೇ. ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಅಲ್ಲೇ ವಾಸವಿರುವ ಇಪ್ಪತ್ತೈದು ವೃದ್ಧರು ಇರಬೇಕು. ಫೆಬ್ರವರಿಯಲ್ಲಿ ಜಿಲ್ಲಾ ಕಚೇರಿಯಿಂದ ಅಧಿಕಾರಿ ಬಂದು ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವಿಚಾರಿಸುತ್ತಾರೆ.

ಮಹೇಶ್ವರಪ್ಪ ಚನ್ನಗಿರಿಯಿಂದ ಹೇಳಿ ಕಳಿಸಿದರು: ಅನುದಾನ ಬಂದರೆ ಸರಿ, ಬರದಿದ್ದರೆ ಮಾರ್ಚಿಗೆ ಬಾಗಿಲು, ಗಿರಣಿ ಅಡಿಕೆ ಗೋದಾಮಿಗೆ ಬೇಕು.

ರಿಜಿಸ್ಟರಿನಲ್ಲಿ ಇಪ್ಪತ್ತೈದು ಹೆಸರಿತ್ತು. ಮಂಚದ ಮೇಲೆ ಇದ್ದವರು ಇಪ್ಪತ್ತನಾಲ್ಕು.

ಇಪ್ಪತ್ತೈದನೆಯವಳು ಕತ್ತಲಗೆರೆಯ ಗಾದ್ರಮ್ಮ. ಮೂರು ವರ್ಷದಿಂದ ಇದ್ದವಳು. ಶ್ರಾವಣದಲ್ಲಿ ಅವಳ ಅಣ್ಣನ ಮಗ ಬಂದು, ಹಬ್ಬ ಮುಗಿಸಿಕೊಂಡು ಬರಲಿ ಎಂದು ಕರೆದುಕೊಂಡು ಹೋದ. ದೀಪಾವಳಿ ಆದ ವಾರಕ್ಕೆ ಒಂದು ಕಾರ್ಡು ಬಂತು: ಅತ್ತೆ ತೀರಿಕೊಂಡಳು, ಹೊಲದಲ್ಲೇ ಮಣ್ಣು ಮಾಡಿದೆವು, ಅವಳದೊಂದು ಟ್ರಂಕು ನಿಮ್ಮಲ್ಲಿದೆಯಂತೆ. ಬೆನಕಪ್ಪ ಟ್ರಂಕು ಕಳಿಸಿದ. ಹೆಸರು ಹೊಡೆದುಹಾಕುವುದನ್ನು ಮಾತ್ರ ಆವತ್ತಿನಿಂದ ಮುಂದೂಡಿಕೊಂಡೇ ಬಂದಿದ್ದ. ಆಗ ಅದು ಬರೀ ಸೋಮಾರಿತನವಾಗಿತ್ತು. ಈಗ ನೋಡಿದರೆ ದೇವರೇ ಕೈ ಹಿಡಿದು ತಡೆದ ಹಾಗೆ ಕಾಣಿಸಿತು.

ಹೊಸಬರನ್ನು ಸೇರಿಸಿಕೊಂಡರೆ ವರ್ಷದ ಷರತ್ತಿಗೆ ಬರುವುದಿಲ್ಲ. ಸತ್ತವಳನ್ನು ಎಬ್ಬಿಸಿ ಕೂರಿಸುವುದೊಂದೇ ದಾರಿ. ಬೆನಕಪ್ಪ ಅವಸರ ಮಾಡಲಿಲ್ಲ. ಬೇರೆಯವರಾದರೆ ದಾರಿಯಲ್ಲಿ ಹೋಗುವ ಯಾವುದೋ ಮುದುಕಿಯನ್ನು ತಂದು ಕೂರಿಸಿ ಸಿಕ್ಕಿಬೀಳುತ್ತಿದ್ದರು. ಅವನು ಮೊದಲು ಕತ್ತಲಗೆರೆಗೆ ಹೋಗಿ, ಅಣ್ಣನ ಮಗನ ಜತೆ ಕೂತು ಚಹಾ ಕುಡಿದು, ಸಾವನ್ನು ಎಲ್ಲಾದರೂ ಬರೆಸಿದ್ದೀರಾ ಎಂದು ಮೆಲ್ಲಗೆ ಕೇಳಿದ.

“ಯಾರು ಬರೆಸ್ತಾರ್ರಿ? ಶಾನುಭೋಗ್ರ ಹಿಂದೆ ಅಲೆಯಾಕೆ ಯಾರಿಗೆ ಪುರಸೊತ್ತೈತೆ?” ಅಂದ ಅವನು.

“ಸರಿ ಬಿಡು. ಕೇಳಿದ್ರೆ ನಮ್ಮಲ್ಲೇ ಅದಾಳೆ ಅನ್ನು. ಅವ್ಳ ಹೆಸರ್ನಾಗೆ ಏನಾದ್ರೂ ಬಂದ್ರೆ ನಿನಗೂ ತಲುಪಿಸ್ತೀನಿ.”

ಅಲ್ಲಿಗೆ ಒಂದು ಬಾಗಿಲು ಭದ್ರವಾಯಿತು. ಆಮೇಲೆ ರಿಜಿಸ್ಟರು ತೆಗೆದು ಗಾದ್ರಮ್ಮನ ಪುಟವನ್ನು ಪೊಲೀಸಿನವರು ಓದುವ ಹಾಗೆ ಓದಿದ. ಹೆಸರು, ಗಂಡನ ಹೆಸರು ಶಿವಮೂರ್ತಪ್ಪ, ಊರು, ಸೇರಿದ ದಿನ. ಫೋಟೋ ಇಲ್ಲ. ಹಿಂದಿನ ವರ್ಷ ಆಗಸ್ಟ್ ಹದಿನೈದರಂದು ಎಲ್ಲರನ್ನೂ ನಿಲ್ಲಿಸಿ ತೆಗೆದ ಚಿತ್ರದಲ್ಲಿ ಗಾದ್ರಮ್ಮ ಸೀನುತ್ತಿದ್ದಳು. ಸೆರಗು, ಮೂಗು, ಎರಡು ಬೆರಳು, ಅಷ್ಟೇ. ಹೆಬ್ಬೆಟ್ಟಿನ ಗುರುತು ಇತ್ತು. ಅದಕ್ಕೆ ಉಪಾಯವಿತ್ತು: ರುಬ್ಬುವ ಒಳ್ಳಿಗೆ ಸಿಕ್ಕಿ ಹೆಬ್ಬೆರಳು ಜಜ್ಜಿದೆ ಎಂದು ಅರಿಶಿನ ಮೆತ್ತಿ ಬಟ್ಟೆ ಸುತ್ತಿದರಾಯಿತು. ಕೊನೆಯ ಸಾಲು ಮಾತ್ರ ಅವನನ್ನು ಎರಡು ದಿನ ಕಾಡಿತು. ದೇಹದ ಗುರುತು: ಬಲ ಮುಂಗೈ ಮೇಲೆ ಚೇಳಿನ ಹಚ್ಚೆ. ಬರೆದದ್ದು ಅವನದೇ ಕೈ, ಅವನದೇ ಮುತುವರ್ಜಿ.

ಹಾಗಾಗಿ ಜನವರಿ ತಿಂಗಳಿಡೀ ಬೆನಕಪ್ಪ ಒಣಮೆಣಸಿನಕಾಯಿ ಕೊಳ್ಳುವ ನೆವದಲ್ಲಿ ಸಂತೆ ಸಂತೆ ಅಲೆದು ಮುದುಕಿಯರ ಕೈ ನೋಡಿದ. ಹೊನ್ನಾಳಿಯಲ್ಲಿ ಒಂದು ಚೇಳು ಸಿಕ್ಕಿತು. ಆದರೆ ಆ ಚೇಳಿನ ಒಡತಿಗೆ ಮೂರು ಗಂಡುಮಕ್ಕಳು, ದೊಡ್ಡ ಬಾಯಿ. ಚನ್ನಗಿರಿಯಲ್ಲಿ ಸೊಪ್ಪು ಮಾರುವವಳೊಬ್ಬಳ ಮುಂಗೈ ಕಡೆ ಬಗ್ಗಿದಾಗ, “ಏನೋ ಹಂಗೆ ನೋಡ್ತೀಯ? ನಿಮ್ಮವ್ವನ ವಯಸ್ಸು ನಂದು, ನಾಚ್ಕೆ ಆಗಲ್ಲೇನು!” ಎಂದು ಸಂತೆಗೆಲ್ಲ ಕೇಳಿಸುವ ಹಾಗೆ ಬೈಸಿಕೊಂಡ. ಮೂರು ದಿನ ಆ ಕಡೆ ತಲೆ ಹಾಕಲಿಲ್ಲ.

ಕಡೆಗೆ ಸಿಕ್ಕಿದ್ದು ಜಗಳೂರಿನಲ್ಲಿ. ಅದೂ ಬೇರೆ ಜಿಲ್ಲೆ; ಶಿವಮೊಗ್ಗದ ಅಧಿಕಾರಿಗೂ ಚಿತ್ರದುರ್ಗ ಜಿಲ್ಲೆಯ ಜಗಳೂರಿಗೂ ಏನು ಸಂಬಂಧ? ಬಸ್‌ಸ್ಟ್ಯಾಂಡಿನ ಗೋಡೆ ಬದಿಗೆ ಕಸಬರಿಗೆ ಇಟ್ಟುಕೊಂಡು ಕೂತಿದ್ದಳು. ಗಾದ್ರಮ್ಮನದೇ ಎತ್ತರ, ಅದೇ ಬಡಕಲು ಮೈ. ಕಾಸು ಎಣಿಸಿಕೊಳ್ಳಲು ಕೈ ಚಾಚಿದಾಗ ಮುಂಗೈ ಮೇಲೆ ಕೊಂಡಿ ಎತ್ತಿದ ಹಸಿರು ಚೇಳು. ಬೆನಕಪ್ಪ ಬೇಡದ ಎರಡು ಕಸಬರಿಗೆ ಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತ.

“ಹೆಸ್ರೇನಜ್ಜಿ?”

“ಕೊಟ್ರಮ್ಮ ಅಂತಾರೆ.”

“ಮಕ್ಳು?”

“ಇದ್ರು. ಈಗಿಲ್ಲ.”

“ಗಂಡ?”

“ಹೋಗಿ ಹನ್ನೆರ್ಡು ವರ್ಸ ಆತು.”

“ಹೆಸ್ರು?”

ಅವಳು ಪಕ್ಕದಲ್ಲಿ ಹುಣಸೆಹಣ್ಣು ಮಾರುತ್ತಿದ್ದವಳ ಕಡೆ ತಿರುಗಿದಳು. ಆ ಹೆಂಗಸು ಯಾರಿಗೋ ಚಿಲ್ಲರೆ ಕೊಡುವುದರಲ್ಲಿದ್ದಳು. ಅಷ್ಟರಲ್ಲಿ ದಾವಣಗೆರೆ ಬಸ್ಸಿನ ಕಂಡಕ್ಟರು ಸೀಟಿ ಹೊಡೆದ. “ಇರ್ಲಿ ಬಿಡು, ಅದು ಬೇಕಾಗಿಲ್ಲ,” ಅಂದ ಬೆನಕಪ್ಪ. ನಿಜಕ್ಕೂ ಬೇಕಾಗಿರಲಿಲ್ಲ. ಅವಳು ಹೇಳಬೇಕಾದ ಹೆಸರು ಬೇರೆ ಇತ್ತು. ನಾಲ್ಕು ದಿನದ ಕೆಲಸ, ಹೊಟ್ಟೆ ತುಂಬ ಊಟ, ಐವತ್ತು ರೂಪಾಯಿ, ಒಂದು ಸೀರೆ ಅಂದ. ಕೊಟ್ರಮ್ಮ “ಕಳ್ಳತನ ಅಲ್ಲ ತಾನೇ?” ಎಂದು ಕೇಳಿದಳು. ಅಲ್ಲ, ಸರ್ಕಾರದ ಕೆಲಸ ಎಂದ.

ಇಪ್ಪತ್ತನಾಲ್ಕು ಜೋಡಿ ಕಣ್ಣು ಮುಚ್ಚಿಸುವುದು ಅವನು ಎಣಿಸಿದ್ದಕ್ಕಿಂತ ಸಲೀಸಾಯಿತು. ಅವಳನ್ನು ಕರೆತಂದ ಸಂಜೆಯೇ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿದ. ಸುತ್ತಿ ಬಳಸಲಿಲ್ಲ.

“ನೋಡ್ರಿ, ಇವ್ಳೇ ಗಾದ್ರಮ್ಮ. ಮೂರು ವರ್ಸದಿಂದ ಇಲ್ಲೇ ಅದಾಳೆ. ಹಂಗಂತ ನೀವು ಹೇಳಿದ್ರೆ ಸಾಯೋತನ್ಕ ಉಣ್ತೀರಿ. ಇಲ್ಲಾಂದ್ರೆ ಮಾರ್ಚಿಗೆ ಬಾಗ್ಲು ಹಾಕ್ತಾರೆ, ನಿಮ್ಮನ್ನೆಲ್ಲ ಲಾರಿಗೆ ತುಂಬ್ಕೊಂಡು ಹೋಗಿ ಭಿಕ್ಷುಕ್ರ ಜತೆ ಬಿಡ್ತಾರೆ. ಯಾವ್ದು ಬೇಕೋ ನೀವೇ ಹೇಳ್ರಿ.”

ಒಬ್ಬ ಮುದುಕ ಅಳತೊಡಗಿದ. ಅಳುವುದನ್ನು ನೋಡಿ ಬೆನಕಪ್ಪನಿಗೆ ಪಾಪ ಅನ್ನಿಸಿತು. ಜತೆಗೆ, ಹೆದರಿಕೆ ಹಿಡಿದಿದೆ ಎಂದು ಸಮಾಧಾನವೂ ಆಯಿತು. ಬಂಗಾರಮ್ಮ ಮಾತ್ರ ಸರಿದು ಕೂತು ಕೊಟ್ರಮ್ಮನಿಗೆ ಜಾಗ ಮಾಡಿಕೊಟ್ಟಳು. “ಬಾ ಯವ್ವ, ಕುಂದ್ರು. ಯಾವೂರಾತು ನಿಂದು? ಯಾರ ಪೈಕಿ?” ಅಂದಳು.

“ಏಯ್!” ಬೆನಕಪ್ಪ ಗದರಿದ. “ಅದನ್ನೇ ಕೇಳಬ್ಯಾಡ್ರಿ ಅಂತ ನಾನು ಹೇಳಾಕೆ ಹತ್ತಿರೋದು. ಊರು, ಮನೆ, ಗಂಡ, ಮಕ್ಳು ಏನೂ ಕೇಳಂಗಿಲ್ಲ. ನೀನೂ ಹೇಳಂಗಿಲ್ಲಜ್ಜಿ. ಒಬ್ರ ಕಿವಿಗೆ ಬಿದ್ರೆ ಹತ್ತು ಬಾಯಿಗೆ ಬರ್ತತೆ. ಇವ್ಳು ಗಾದ್ರಮ್ಮ. ಅಷ್ಟೇ ನಿಮಗೆ ಗೊತ್ತಿರಬೇಕಾದ್ದು.”

“ಆತು ಬಿಡ್ರೀ ಇವ್ರೆ,” ಅಂದಳು ಬಂಗಾರಮ್ಮ. ಈ ‘ಇವ್ರೆ’ ಅನ್ನುವುದನ್ನು ಅನುದಾನ ಬಂದ ಮೇಲೆ ಬಿಡಿಸಬೇಕು ಎಂದುಕೊಂಡ ಬೆನಕಪ್ಪ.

ಮೂರು ದಿನ ಪಾಠ ನಡೆಯಿತು. ಸ್ಟೂಲಿನ ಮೇಲೆ ಅಧಿಕಾರಿಯ ಹಾಗೆ ಕಾಲು ಮೇಲೆ ಕಾಲು ಹಾಕಿ ಕೂತು ಅವನು ಕೇಳುವುದು, ಅವಳು ನೆಲದ ಮೇಲೆ ಕೂತು ಹೇಳುವುದು. ಮೊದಲ ದಿನ ಊರು ಕೇಳಿದರೆ ‘ಜಗಳೂರು’ ಅಂದುಬಿಟ್ಟಳು. ಬೆನಕಪ್ಪ ತಲೆ ಚಚ್ಚಿಕೊಂಡ. ಎರಡನೆಯ ದಿನಕ್ಕೆ ಕತ್ತಲಗೆರೆ ಕೂತಿತು. ಮೂರನೆಯ ದಿನ ಅವನು ಊಟದ ನಡುವೆ, ಬಟ್ಟೆ ಒಗೆಯುವಾಗ, ಹಿಂದಿನಿಂದ ಬಂದು ತಟ್ಟನೆ ಕೇಳಿದರೂ ತಪ್ಪಲಿಲ್ಲ.

“ಹೆಸರು?”

“ಗಾದ್ರಮ್ಮ.”

“ಗಂಡನ ಹೆಸರು?”

“ಶಿವಮೂರ್ತಪ್ಪ.”

“ಊರು?”

“ಕತ್ತಲಗೆರೆ, ಚನ್ನಗಿರಿ ತಾಲೂಕು.”

“ಎಷ್ಟು ವರ್ಷ ಆಯ್ತು ಬಂದು?”

“ಮೂರು ವರ್ಸ ಆತ್ರಿ. ಯುಗಾದಿ ಮುಗಿಸ್ಕೊಂಡು ಬಂದೆ.”

“ಭೇಷ್!” ಅಂದ ಬೆನಕಪ್ಪ. ಎಲ್ಲಿಯೂ ತಡವರಿಕೆ ಇಲ್ಲ, ಯಾರ ಮುಖವನ್ನೂ ನೋಡುವುದಿಲ್ಲ, ನೀರು ಕುಡಿದಷ್ಟು ಸಲೀಸು. ಶಾಲೆಗೆ ಹೋಗಿದ್ದರೆ ಮೇಷ್ಟ್ರಾಗುತ್ತಿದ್ದಳು ಮುದುಕಿ.

ಆವತ್ತು ಉಂಡ ಮೇಲೆ ಕೊಟ್ರಮ್ಮ ಗಾದ್ರಮ್ಮನ ಮಂಚದ ಕಂಬಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಬಿಸಿ ಮುದ್ದೆ ಉಂಡು, ತಲೆಗೆ ಎಣ್ಣೆ ಕಂಡು, ಮೂರೇ ದಿನದಲ್ಲಿ ಅವಳ ಮುಖಕ್ಕೆ ಕಳೆ ಬಂದಿತ್ತು.

“ಇಲ್ಲೇ ಇದ್ದುಬಿಡಾಕೆ ಆಗ್ತತೇನ್ರಿ, ಬೆನಕಪ್ಪನೋರೆ? ಯಾರ ಹೆಸ್ರಾದ್ರೂ ಇರ್ಲಿ. ನಾನು ಕೂಲಿ ಕೇಳಂಗಿಲ್ಲ.”

“ಆಮ್ಯಾಲೆ ನೋಡಾನ,” ಅಂದ ಅವನು. ನೋಡುವ ಮನಸ್ಸು ಇರಲಿಲ್ಲ. ಕೆಲಸ ಆದ ಮರುದಿನವೇ ಅವಳನ್ನು ಬಸ್ಸು ಹತ್ತಿಸಬೇಕು, ಒಂದು ತಿಂಗಳು ಬಿಟ್ಟು ಗಾದ್ರಮ್ಮ ಎರಡನೆಯ ಸಲ, ಕಾಯಿದೆ ಪ್ರಕಾರ, ಸಾಯಬೇಕು. ಅಷ್ಟನ್ನೂ ಅವನು ಯೋಚಿಸಿಟ್ಟಿದ್ದ.

ಸಾವಂತ್ರಮ್ಮನಿಗೆ ಇದು ಬೇಕಿರಲಿಲ್ಲ. “ಸತ್ತೋಳ ಜಾಗದಾಗೆ ಬದುಕಿರೋಳನ್ನ ಕೂರಿಸ್ಬ್ಯಾಡ್ರಿ, ಒಳ್ಳೇದಾಗಂಗಿಲ್ಲ,” ಎಂದು ರೊಟ್ಟಿ ತಟ್ಟುತ್ತ ಅಂದಳು.

“ನಿನಗೂ ನನಗೂ ವಯಸ್ಸಾದ್ರೆ ಹೊಟ್ಟೆಗೆ ಹಾಕೋರು ಯಾರು? ಅದನ್ನ ಹೇಳು ಮೊದ್ಲು.” ಅವಳು ತಟ್ಟಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

ಫೆಬ್ರವರಿ ಹದಿನಾರು, ಬೆಳಿಗ್ಗೆ ಹತ್ತೂವರೆಗೆ ಜೀಪು ಬಂತು. ಅಧಿಕಾರಿ ಹೆಂಗಸು, ಅನ್ನಪೂರ್ಣಮ್ಮ ಎಂದು ಹೆಸರು. ಮೂವತ್ತೈದು ಇರಬಹುದು, ಕೈಗಡಿಯಾರ, ಇಸ್ತ್ರಿ ಮಾಡಿದ ಸೀರೆ, ಬಿಗಿಯಾದ ಪುಸ್ತಕದ ಮಾತು. ಬೆನಕಪ್ಪನಿಗೆ ನಿರಾಳವಾಯಿತು. ಗಂಡಸಾಗಿದ್ದರೆ, ಅದರಲ್ಲೂ ಈ ಕಡೆಯ ಹಳೇ ಗುಮಾಸ್ತನಾಗಿದ್ದರೆ, ಊರು ಕೇರಿ ಎಂದು ಕೆದಕುತ್ತಿದ್ದ. ಈ ಪೇಟೆಯವಳಿಗೆ ಮುದುಕಿಯರ ಸಂಗತಿ ಏನು ಗೊತ್ತಿದ್ದೀತು?

ಅಂಗಳದಲ್ಲಿ ಸಾಲಾಗಿ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದ್ದ. ಒಂದು ಕಡೆ ಹದಿನಾಲ್ಕು ಗಂಡಸರು, ಎದುರಿಗೆ ಹನ್ನೊಂದು ಹೆಂಗಸರು. ಹೆಂಗಸರ ಸಾಲಿನಲ್ಲಿ ಕೊಟ್ರಮ್ಮನೇ ಮೊದಲು, ಅವಳ ಎಡಕ್ಕೆ ಬಂಗಾರಮ್ಮ. ಕಾಯುತ್ತ ಕೂತಷ್ಟೂ ಮರೆವು, ಹೆದರಿಕೆ. ಕಲಿತದ್ದು ನಾಲಿಗೆಯ ಮೇಲೆ ಬಿಸಿಯಾಗಿರುವಾಗಲೇ ಮುಗಿದುಹೋಗಲಿ ಎಂದು ಅವನ ಲೆಕ್ಕಾಚಾರ.

ಗಂಡಸರದು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಅನ್ನಪೂರ್ಣಮ್ಮ ಕುರ್ಚಿಯನ್ನು ಹೆಂಗಸರ ಕಡೆಗೆ ತಿರುಗಿಸಿಕೊಂಡರು.

“ನಿಮ್ಮ ಹೆಸರೇನಮ್ಮ?”

“ಗಾದ್ರಮ್ಮ.”

“ಗಂಡನ ಹೆಸರು?”

“ಶಿವಮೂರ್ತಪ್ಪ.”

ಊರು, ತಾಲೂಕು, ವರ್ಷ. ಎಲ್ಲ ಪಟಪಟನೆ ಬಂತು. ಅಧಿಕಾರಿ ಬಲಗೈ ಕೇಳಿ ಚೇಳು ನೋಡಿದರು, ರಿಜಿಸ್ಟರಿನ ಮೇಲೆ ಒಂದು ಗೀಟು ಹಾಕಿದರು. ಹೆಬ್ಬೆರಳಿನ ಬಟ್ಟೆ ನೋಡಿ, “ಏನಾಯ್ತು?” ಅಂದರು.

“ಒಳ್ಳಿಗೆ ಸಿಕ್ತು ತಾಯಿ.”

“ಜೋಪಾನ.” ಇನ್ನೊಂದು ಗೀಟು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಬೆನಕಪ್ಪ ತಿರುಗಿ ನೋಡಿ ಕಲ್ಲಾದ. ಪೋಸ್ಟ್‌ಮ್ಯಾನ್ ಲಾಲ್‌ಸಾಬ್. ಆಶ್ರಮದ ಒಬ್ಬೊಬ್ಬರ ಮುಖವೂ ಅವನಿಗೆ ಗೊತ್ತು. ಅವನು ಬರಬಾರದೆಂದೇ ಬೆಳಿಗ್ಗೆ ಸಾವಂತ್ರಮ್ಮನನ್ನು ಕಳಿಸಿ ಟಪಾಲು ತರಿಸಿಕೊಂಡಿದ್ದ. ಆದರೂ ಬಂದಿದ್ದಾನೆ, ಕೈಯಲ್ಲಿ ರಿಜಿಸ್ಟರ್ ಅಂಚೆಯ ಕಾಗದ.

“ಸೈನು ಬೇಕಾಗಿತ್ರಿ ಬೆನಕಪ್ಪನೋರೆ. ಬೇರೆಯೋರ ಕೈಗೆ ಕೊಡಂಗಿಲ್ಲ.”

ಬೆನಕಪ್ಪ ಸಹಿ ಹಾಕಿ ಕೊಟ್ಟ. ಅನ್ನಪೂರ್ಣಮ್ಮ ತಲೆಯೆತ್ತಿ, “ಇವರಿಗೆಲ್ಲ ಕಾಗದ ಬರುತ್ತವೇನ್ರಿ?” ಎಂದು ಲಾಲ್‌ಸಾಬನನ್ನೇ ಕೇಳಿದರು.

“ಯಾರು ಬರೀತಾರೆ ಮೇಡಂ ಇವ್ರಿಗೆ? ಗಾದ್ರಮ್ಮಗೊಂದು ಆವಾಗಾವಾಗ ಕಾರ್ಡು ಬರ್ತಿತ್ತು, ಕತ್ತಲಗೆರೆಯಿಂದ. ಆಯಮ್ಮ...”

“ಅಲ್ಲೇ ಕುಂತಾಳಲ್ರೀ ಲಾಲ್‌ಸಾಬ್ರೆ, ಮೊದಲನೇಳು,” ಅಂದ ಬೆನಕಪ್ಪ. ತನ್ನ ದನಿ ತನಗೇ ಯಾರದೋ ಅನ್ನಿಸಿತು.

ಲಾಲ್‌ಸಾಬ್ ನೋಡಿದ. ಕೊಟ್ರಮ್ಮನನ್ನು ನೋಡಿದ, ಬಂಗಾರಮ್ಮನನ್ನು ನೋಡಿದ, ಆಮೇಲೆ ಸಾಲಿನುದ್ದಕ್ಕೂ ಒಂದೊಂದೇ ಮುಖ ನೋಡುತ್ತ ಹೋದ. ಆ ಮುಖಗಳೆಲ್ಲ ಅವನನ್ನೇ ನೋಡುತ್ತಿದ್ದವು. ಅವನು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡ.

“ಹೌದೌದು. ಕಣ್ಣು ಮಂಜಾಗ್ಯಾವ್ರಿ ಮೇಡಂ, ಇನ್ನೆರ್ಡು ವರ್ಸಕ್ಕೆ ನಾನೂ ಇಲ್ಲಿಗೇ ಬರೋನು,” ಎಂದು ನಕ್ಕು, ಸೈಕಲ್ಲು ಹತ್ತಿ ಹೋದ.

ಬೆನಕಪ್ಪ ಕಂಬಕ್ಕೆ ಒರಗಿ ನಿಂತ. ಗೆದ್ದೆ! ಸಾಯುವವರೆಗೆ ಸಾವಂತ್ರಮ್ಮನಿಗೂ ತನಗೂ ಅನ್ನವಿದೆ. ಈ ಮುದುಕರಿಗೂ ಇದೆ. ತಾನು ಮಾಡಿದ್ದು ಪಾಪವೇ ಆಗಿದ್ದರೂ ಇಪ್ಪತ್ತನಾಲ್ಕು ಜನ ಉಣ್ಣುವ ಪಾಪ. ಲಾಲ್‌ಸಾಬನ ಮೇಲೆ ಪ್ರೀತಿ ಉಕ್ಕಿ ಬಂತು, ಅವನಿಗೊಂದು ಟವಲು ಕೊಡಿಸಬೇಕು ಅಂದುಕೊಂಡ.

ಅಧಿಕಾರಿ ಬಂಗಾರಮ್ಮನನ್ನು ಕೇಳಲು ಹೋದರೆ, ಅವಳು ಕೈಯಾಡಿಸಿ, “ನನ್ನ ಕಡೀಗೆ ಕೇಳ್ರಿ ತಾಯಿ, ಕೆಮ್ಮು ಬಂದೈತೆ,” ಎಂದು ಕೆಮ್ಮಿದಳು. ಸರಿ ಎಂದು ಮುಂದಿನವಳಿಗೆ ಹೋದರು. ಇಲ್ಲಿಂದ ಮುಂದೆ ಬೆನಕಪ್ಪನಿಗೆ ಬರೀ ಬೇಜಾರು. ಇಷ್ಟು ಹೊತ್ತು ಜೀಪಿನ ಹಾಗೆ ಓಡುತ್ತಿದ್ದದ್ದು ಹೆಂಗಸರ ಸಾಲಿನಲ್ಲಿ ಎತ್ತಿನ ಗಾಡಿಯಾಯಿತು. ಗಂಡನ ಹೆಸರು ಎಂದೊಡನೆ ಒಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡು ಪಕ್ಕದವಳನ್ನು ತಿವಿದಳು. ಪಕ್ಕದವಳು, “ಮಲ್ಲಪ್ಪ ಅಂತ ಬರ್ಕೊಳ್ರಿ,” ಅಂದಳು. ಇನ್ನೊಬ್ಬಳು ಆಕಾಶ ನೋಡಿ, “ಅದೇ ತಾಯಿ, ವಿಷ ಕುಡಿದ ದೇವ್ರು,” ಅಂದಳು. “ನಂಜಪ್ಪನಾ?” ಎಂದು ಅಧಿಕಾರಿಯೇ ಊಹಿಸಬೇಕಾಯಿತು. ಅವಳು ನಾಚಿ ತಲೆಯಾಡಿಸಿದಳು, ಎಪ್ಪತ್ತೆಂಟು ವರ್ಷಕ್ಕೆ! ಅಖ್ತರ್‌ಬೀ ಸೆರಗು ಮುಂದಕ್ಕೆ ಎಳೆದುಕೊಂಡು ಮಾತೇ ಆಡಲಿಲ್ಲ. ಅವಳ ಪರವಾಗಿ ಆಚೆ ಸಾಲಿನ ಮುದುಕನೊಬ್ಬ ಕೂಗಿ ಹೇಳಿದ. ಸಾವಂತ್ರಮ್ಮ ಮಾಡಿಟ್ಟ ಉಪ್ಪಿಟ್ಟು ಆರುತ್ತಿದೆ, ಇವುಗಳದು ಮುಗಿಯುವುದಿಲ್ಲವಲ್ಲ ಎಂದು ಬೆನಕಪ್ಪ ಹಲ್ಲು ಕಡಿದ. ತಾನು ಪಾಠ ಹೇಳಿಕೊಟ್ಟವಳು ಹೇಗೆ ಉತ್ತರ ಕೊಟ್ಟಳು, ಇವರು ಹೇಗೆ! ಎಲ್ಲರಿಗೂ ಮೂರು ದಿನ ಕಲಿಸಬೇಕಿತ್ತು.

ಕೊನೆಗೆ ಮತ್ತೆ ಬಂಗಾರಮ್ಮ. ಕೆಮ್ಮು ನಿಂತಿತ್ತು.

“ಗಂಡನ ಹೆಸರಜ್ಜಿ?”

ಬಂಗಾರಮ್ಮ ಗಲ್ಲ ಎತ್ತಿ ಕಂಬದ ಕಡೆ ತೋರಿಸಿದಳು. “ಅಗೋ, ಅಲ್ಲಿ ನಿಂತಾರಲ್ಲ ಮನೇಜರಪ್ಪ, ಅವ್ರ ಹೆಸ್ರೇ.”

ಅಂಗಳವೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕರು. ಬೆನಕಪ್ಪ ಒಂದು ಗಳಿಗೆ ಬೆಪ್ಪಾಗಿ ನಿಂತ. ಒಂಬತ್ತು ವರ್ಷದ ಆ ‘ಇವ್ರೆ’! ಅವಮಾನವೂ ಅಲ್ಲ, ಸೊಕ್ಕೂ ಅಲ್ಲ. ಸತ್ತು ಇಪ್ಪತ್ತು ವರ್ಷವಾದ ಗಂಡನ ಹೆಸರನ್ನು ನಾಲಿಗೆಯ ಮೇಲೆ ತರಬಾರದೆಂದು ಆ ಹೆಂಗಸು ತನ್ನನ್ನು ಹೆಸರಿಲ್ಲದೆ ಕರೆದಿದ್ದಳು. ಅವನ ಕಣ್ಣು ಒದ್ದೆಯಾಯಿತು, ನಗುವೂ ಬಂತು.

“ನಮ್ಮವ್ವನೂ ಹಿಂಗೇ ಇದ್ಲು,” ಅಂದರು ಅನ್ನಪೂರ್ಣಮ್ಮ. ಪುಸ್ತಕದ ಮಾತು ಎಲ್ಲಿ ಹೋಯಿತೋ, ಬಾಯಲ್ಲಿ ಊರಿನ ಮಾತೇ ಬಂದಿತ್ತು. “ರೇಷನ್ ಕಾರ್ಡಿಗೆ ಹೋಗುವಾಗೆಲ್ಲ ನನ್ನ ಶಾಲೆ ಬಿಡಿಸಿ ಕರ್ಕೊಂಡು ಹೋಗ್ತಿದ್ಲು, ನಮ್ಮಪ್ಪನ ಹೆಸ್ರು ಹೇಳಾಕೆ.” ನಗುತ್ತಲೇ ಅವರು ರಿಜಿಸ್ಟರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿದರು. ಗಾದ್ರಮ್ಮನ ಪುಟಕ್ಕೆ ಬಂದು ಕೈ ನಿಂತಿತು, ನಗುವೂ ನಿಂತಿತು. “ಹತ್ತು ಮಂದಿ ಬಾಯಾಗೆ ಬರದೇ ಇದ್ದ ಗಂಡನ ಹೆಸ್ರು ಈ ಒಬ್ಬ ಅಜ್ಜಿ ಬಾಯಾಗೆ ಅಷ್ಟು ಸಲೀಸಾಗಿ ಹೆಂಗೆ ಬಂತ್ರಿ, ಬೆನಕಪ್ಪನೋರೆ?”

ಹಾಗೆಂದವರೇ ಕುರ್ಚಿ ಬಿಟ್ಟು ಎದ್ದು ಬಂದು, ಕೊಟ್ರಮ್ಮನ ಎದುರಿಗೆ ಚಾಪೆಯ ಮೇಲೆ ಕೂತು, “ಹೆದರಬ್ಯಾಡಜ್ಜಿ. ಆ ಶಿವಮೂರ್ತಪ್ಪ ಇರ್ಲಿ. ನಿಮ್ಮ ಯಜಮಾನ್ರ ಹೆಸ್ರೇನು?” ಎಂದು ಕೇಳಿದರು. ಕೊಟ್ರಮ್ಮನ ಮುಖ ಕೆಂಪೇರಿತು. ಮೂರು ದಿನ ಕಲಿತದ್ದೆಲ್ಲ ಮರೆತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ನೀನಾದರೂ ಹೇಳು ಎನ್ನುವ ಹಾಗೆ ಅವಳು ಬಂಗಾರಮ್ಮನ ಕಡೆ ತಿರುಗಿದಳು. ಬಂಗಾರಮ್ಮ ಹೇಳಲೆಂದು ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಕೊಟ್ರಮ್ಮ ಅವಳನ್ನು ಬಿಟ್ಟು ಅದರಾಚೆಯವಳನ್ನು, ಅದರಾಚೆಯವಳನ್ನು, ಎದುರು ಸಾಲಿನ ಗಂಡಸರನ್ನು, ಕಡೆಗೆ ಕಂಬದ ಹತ್ತಿರ ನಿಂತಿದ್ದ ಬೆನಕಪ್ಪನನ್ನು ನೋಡಿದಳು. ಏನೂ ಕೇಳಬಾರದೆಂದು ಅವನೇ ಬಾಯಿ ಕಟ್ಟಿಸಿದ್ದ ಆ ಅಂಗಳದಲ್ಲಿ, ಅವಳ ಪರವಾಗಿ ಆ ಹೆಸರು ಹೇಳಲು ಒಬ್ಬರಿಗೂ ಅದು ಗೊತ್ತಿರಲಿಲ್ಲ.